ಕಲ್ಲಿನ ದ್ವೀಪದ ಶಿಲ್ಪಿ, ಮೂವರು ಏವಿಸ್

ಕಾಲಿಟ್ಟಲ್ಲಿ ಕಾಲು ಹೂತುಕೊಳ್ಳುತ್ತದೆ. ಇಲ್ಲಿ ಮರಳಿಲ್ಲ, ಬರೀ ಗುಂಡುಕಲ್ಲು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಯಲ್ಲಿ, ಸಮುದ್ರವೇ ಸುಮಾರು 29 ಕಿಲೋಮೀಟರ್ ಉದ್ದಕ್ಕೂ ಒಟ್ಟಿಕೊಂಡು ಬಂದ ಏರಿ ಇದು. ಹೆಸರು ಚೆಸಿಲ್ ದಂಡೆ. ಪಶ್ಚಿಮದ ತುದಿಯಲ್ಲಿ ಬಟಾಣಿ ಗಾತ್ರದ ಕಲ್ಲುಗಳು ಈ ಪೋರ್ಟ್‌ಲೆಂಡ್ ದ್ವೀಪದ ತುದಿಗೆ ಬರುವಷ್ಟರಲ್ಲಿ ಮುಷ್ಟಿ ಗಾತ್ರಕ್ಕೆ ಬಂದಿರುತ್ತವೆ. ಮಂಜಿನ ರಾತ್ರಿಗಳಲ್ಲಿ ದಡ ಮುಟ್ಟಿದ ಬೆಸ್ತರು ಕೈಗೆ ಸಿಕ್ಕ ಕಲ್ಲಿನ ಗಾತ್ರ ನೋಡಿಯೇ ತಾವೆಲ್ಲಿದ್ದೇವೆಂದು ತಿಳಿಯುತ್ತಿದ್ದರಂತೆ.

ಈಗ ಕತ್ತಲೆ, ಮಳೆ. ಗಾಳಿ ಎಷ್ಟು ಜೋರಾಗಿದೆಯೆಂದರೆ ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಬೋರಲು ಹಾಕಿದ ಮೀನುಗಾರರ ದೋಣಿಯೊಂದರ ಕೆಳಗೆ ಇಬ್ಬರು ಮುದುರಿ ಕೂತಿದ್ದಾರೆ. ಬಗ್ಗಿ ನೋಡಿ. ಇಪ್ಪತ್ತರ ಹುಡುಗ ಜಾಸ್ಲಿನ್ ಪಿಯರ್‌ಸ್ಟನ್, ಕಲ್ಲುಗಣಿ ಮಾಲೀಕನ ಮಗ, ಲಂಡನ್ನಿನಲ್ಲಿ ಶಿಲ್ಪಿಯಾಗಿ ಹೆಸರು ಮಾಡತೊಡಗಿದವನು. ಪಕ್ಕದಲ್ಲಿ ಎತ್ತರದ ನಿಲುವಿನ, ಠೀವಿಯ ಹುಡುಗಿ ಮಾರ್ಶಿಯಾ ಬೆಂಕಂಬ್. ಅಪ್ಪನ ಜೊತೆ ಜಗಳವಾಡಿ ಮನೆಬಿಟ್ಟು ಹೊರಟಿದ್ದಾಳೆ. ಇವರಿಬ್ಬರ ಅಪ್ಪಂದಿರೂ ಕಲ್ಲಿನ ವ್ಯಾಪಾರದಲ್ಲಿ ಹಳೆಯ ಹಗೆಗಳು. ಹಾದಿಯಲ್ಲಿ ಸಿಕ್ಕು ಇನ್ನೂ ಸ್ವಲ್ಪ ಹೊತ್ತಷ್ಟೇ ಆಗಿದೆ.

ಈ ದೋಣಿಯಡಿ ನಿಜವಾಗಿ ಕೂತಿರಬೇಕಾದವಳು ಬೇರೆ. ಅವಳ ಹೆಸರು ಏವಿಸ್ ಕ್ಯಾರೊ. ಮೂರೂವರೆ ವರ್ಷದ ಮೇಲೆ ಊರಿಗೆ ಬಂದ ಜಾಸ್ಲಿನ್‌ನನ್ನು ಕಂಡೊಡನೆ, ಚಿಕ್ಕಂದಿನ ರೂಢಿಯಂತೆ ಓಡಿಬಂದು ಮುತ್ತು ಕೊಟ್ಟು, ಇವನು ಗಂಡಸಾಗಿ ಬೆಳೆದಿದ್ದಾನೆಂದು ಆಮೇಲೆ ಹೊಳೆದು ನಾಚಿ ಒಳಗೆ ಓಡಿದವಳು. ಮದುವೆಯ ಮಾತೂ ಆಯಿತು. ಇವತ್ತು ಸಂಜೆ ಅವನನ್ನು ಬೀಳ್ಕೊಡಲು ಅವಳು ಜೊತೆಗೆ ನಡೆದು ಬರಬೇಕಿತ್ತು. ಬದಲಿಗೆ ಚೀಟಿ ಬಂತು. ಮದುವೆಗೆ ಮೊದಲೇ ಜೋಡಿ ಕೂಡಬೇಕು, ಬಸುರಾದರೆ ಮಾತ್ರ ಮದುವೆ ಎಂಬ ಹಳೆಯ ಪದ್ಧತಿ ಈ ದ್ವೀಪದಲ್ಲಿ ಇನ್ನೂ ಸತ್ತಿರಲಿಲ್ಲ. ಓದುಬರಹ ಕಲಿತ ಏವಿಸ್‌ಗೆ ಕತ್ತಲಲ್ಲಿ ಅವನ ಜೊತೆ ಹೋಗಲು ಅದೇ ಅಂಜಿಕೆ. ಅವನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಚೀಟಿಯಿಂದ ನಲವತ್ತು ವರ್ಷದ ಕಥೆ ಶುರುವಾಯಿತು.

ಮಳೆ ಸ್ವಲ್ಪ ತಗ್ಗಿದೆ. ದಂಡೆ ದಾಟಿ, ಆಚೆ ಕಡೆಯ ಸಣ್ಣದೊಂದು ಛತ್ರಕ್ಕೆ ಹೋಗೋಣ. ಮಾರ್ಶಿಯಾ ಮೇಲಿನ ಕೋಣೆಯಲ್ಲಿದ್ದಾಳೆ. ತೊಯ್ದು ತೊಪ್ಪೆಯಾದ ಅವಳ ಬಟ್ಟೆಗಳು ಕೆಳಗೆ ಬಂದಿವೆ. ಜಾಸ್ಲಿನ್ ತಾನೇ ಒಲೆಯ ಮುಂದೆ ಹಿಡಿದು ಒಣಗಿಸುತ್ತಿದ್ದಾನೆ. ಉಣ್ಣೆಯ ಬಟ್ಟೆಯಿಂದ ಹಬೆ ಏಳುತ್ತಿದೆ. ಆ ಹಬೆಯನ್ನೇ ನೋಡುತ್ತ ನೋಡುತ್ತ ಅವನ ಮುಖ ಬದಲಾಗುವುದನ್ನು ಗಮನಿಸಿ. ಏವಿಸ್ ಹೋದಳು, ಇವಳು ಬಂದಳು. ಬಾಡಿಗೆದಾರ ಮನೆ ಖಾಲಿಮಾಡಿ ಎದುರು ಮನೆಗೆ ಸಾಮಾನು ಸಾಗಿಸಿದಂತೆ ಅವನ ಪ್ರೀತಿ ಒಂದು ಮೈಯಿಂದ ಇನ್ನೊಂದಕ್ಕೆ ದಾಟಿತು.

ಥಾಮಸ್ ಹಾರ್ಡಿಯ ‘ದಿ ವೆಲ್-ಬಿಲವೆಡ್’ ಕಾದಂಬರಿಯ ಲೋಕ ಇದು. 1897ರಲ್ಲಿ ಪುಸ್ತಕವಾಗಿ ಬಂತು. ಹಾರ್ಡಿ ಪ್ರಕಟಿಸಿದ ಕೊನೆಯ ಕಾದಂಬರಿ. ಆಮೇಲೆ ಅವನದು ಹೆಚ್ಚಾಗಿ ಕವಿತೆಯೇ. ಹಿಂದಿನ ಕಾದಂಬರಿ ‘ಜೂಡ್ ದಿ ಅಬ್‌ಸ್ಕ್ಯೂರ್’ ಎಬ್ಬಿಸಿದ ಗಲಾಟೆಯ ಮುಂದೆ ಇದು ಮೆಲ್ಲಗೆ ಬಂದು ಮೂಲೆ ಸೇರಿತು. ಅನ್ಯಾಯ ಎನ್ನುವುದು ನನ್ನ ಮಾತು.

ಜಾಸ್ಲಿನ್ ಸ್ತ್ರೀಲೋಲನೇ? ಲೋಕದ ಕಣ್ಣಿಗೆ ಹೌದು. ಹುಡುಗನಾಗಿದ್ದಾಗಿನಿಂದ ಎಷ್ಟು ಮಂದಿಯ ಹಿಂದೆ ಬಿದ್ದನೆಂದು ಅವನೇ ಗೆಳೆಯ ಸೋಮರ್ಸ್ ಎದುರು ಒಪ್ಪಿಸುತ್ತಾನೆ. ಅವನ ವಾದ ಬೇರೆ: ತನ್ನ ಪ್ರಿಯೆ ಒಬ್ಬಳೇ, ಅವಳು ಪರಕಾಯ ಪ್ರವೇಶ ಮಾಡುತ್ತ ಹೋಗುತ್ತಾಳೆ, ತಾನು ಅವಳಿಗೆ ಮಾತ್ರ ನಿಷ್ಠ. ನಿನ್ನೆ ಕೆಂಪುಗೂದಲಿನವಳಲ್ಲಿದ್ದಳು, ಇವತ್ತು ಕಪ್ಪುಕಣ್ಣಿನವಳಲ್ಲಿ. ಬಿಟ್ಟುಹೋದ ಮೈ ಬರೀ ಪೊರೆ. ಕೇಳಲು ಸೊಗಸಾಗಿದೆ. ಆದರೆ ಆ ಪೊರೆಗಳಿಗೂ ಹೆಸರಿತ್ತು, ಮನೆಯಿತ್ತು, ಅಳು ಬರುತ್ತಿತ್ತು. ಶೀಲಗೆಟ್ಟ ಲಂಪಟನಾಗಿದ್ದರೆ ಅವನನ್ನು ಬೈದು ಮುಗಿಸಬಹುದಿತ್ತು. ಇವನ ತಪ್ಪು ಇನ್ನೂ ಸೂಕ್ಷ್ಮ: ಎದುರಿಗಿರುವ ಹೆಂಗಸನ್ನು ಇವನು ನೋಡುವುದೇ ಇಲ್ಲ. ನೋಡಿದ್ದನ್ನೆಲ್ಲ ಅಮೃತಶಿಲೆಯಲ್ಲಿ ವೀನಸ್ ಎಂದೋ ಅಫ್ರೊಡೈಟಿ ಎಂದೋ ಕೆತ್ತಿ ಮಾರುತ್ತಾನೆ. ಅಕಾಡೆಮಿಯ ಗೌರವ ಸಿಗುತ್ತದೆ. ಮಾರ್ಶಿಯಾಳ ಜೊತೆಗಿನ ಮದುವೆಯ ಮಾತೂ ಲಂಡನ್ನಿನಲ್ಲಿ ಕೆಲವೇ ದಿನಕ್ಕೆ ಮುರಿಯುತ್ತದೆ.

ಇಪ್ಪತ್ತು ವರ್ಷ ಹಾರೋಣ. ಲಂಡನ್ನಿನ ದೊಡ್ಡಮನೆಯೊಂದರ ಊಟದ ಮೇಜು. ಮೇಣದಬತ್ತಿ, ಬೆಳ್ಳಿಯ ತಟ್ಟೆ, ತೆರೆದ ಭುಜಗಳು, ಯಾರೂ ಕಿವಿಗೊಡದ ಮಾತು. ನಲವತ್ತರ ಜಾಸ್ಲಿನ್‌ಗೆ ಇಲ್ಲಿ ಮರ್ಯಾದೆಯ ಜಾಗ. ನಿಕೋಲಾ ಪೈನ್-ಏವನ್ ಎಂಬ ಚೆಲುವೆ ವಿಧವೆ ಕೂಡ ಇಲ್ಲಿದ್ದಾಳೆ. ಪ್ರಿಯೆ ಅವಳ ಮೈಯಲ್ಲಿ ಇಳಿಯುತ್ತಾಳೋ ಎಂದು ಅವನು ಕೆಲವು ದಿನಗಳಿಂದ ಕಾಯುತ್ತಿದ್ದಾನೆ. ಜೇಬಿನಲ್ಲಿ ಊರಿನ ಕಾಗದವೊಂದಿದೆ. ಯಾರಿಗೂ ಕಾಣದಂತೆ ಬಿಡಿಸಿ ಓದುತ್ತಾನೆ. ಏವಿಸ್ ಕ್ಯಾರೊ ತೀರಿಕೊಂಡಳು.

ಅವನ ಕಣ್ಣಿನಿಂದಲೇ ಈ ಮೇಜನ್ನು ನೋಡಿ. ದೀಪಗಳು ಹಿಂದೆ ಸರಿಯುತ್ತವೆ, ಎದುರು ಕೂತವರ ಬಾಯಿ ಮಾತ್ರ ಆಡುತ್ತಿದೆ, ಮಾತು ಕೇಳಿಸುವುದಿಲ್ಲ. ಒಡವೆ ತೊಟ್ಟವರ ಸಾಲಿನ ಹಿಂದೆ ಬಂಡೆಗಳ ಸಾಲು, ಅದರಾಚೆ ಬೂದುಬಣ್ಣದ ಸಮುದ್ರ, ನಡುವೆ ಒಬ್ಬಳು ಹುಡುಗಿ. ತನ್ನದೇ ಕಲ್ಲಿನ, ತನ್ನದೇ ರಕ್ತದ ಹುಡುಗಿ. ಬದುಕಿದ್ದಾಗ ಅವಳಲ್ಲಿ ಆ ಪ್ರಿಯೆ ಎಂದೂ ಪೂರ್ತಿ ಇಳಿದಿರಲಿಲ್ಲ. ಸತ್ತ ಮೇಲೆ ಇಳಿದಳು, ಮತ್ತೆ ಎದ್ದು ಹೋಗಲಿಲ್ಲ. ಸ್ತ್ರೀಲೋಲ ಕಲಾವಿದ ಪ್ರೀತಿಯಲ್ಲಿ ಬಿದ್ದನೆಂದು ಹೇಳುವುದಾದರೆ ಅದು ಈ ಕ್ಷಣದಲ್ಲಿ. ನನ್ನ ಪ್ರಕಾರ ಅವನು ಬದುಕಿನಲ್ಲಿ ಪ್ರೀತಿಸಿದ್ದು ಇದೊಂದೇ ಸಲ, ಅದೂ ಅವಳು ಹೆಣವಾದ ಮೇಲೆ.

ದ್ವೀಪಕ್ಕೆ ವಾಪಸ್ಸು ಬನ್ನಿ. ಉದ್ದ ಆರು ಕಿಲೋಮೀಟರ್ ಚಿಲ್ಲರೆ, ಅಗಲ ಅದರ ಅರ್ಧಕ್ಕೂ ಕಡಿಮೆ. ಎಲ್ಲಿ ನೋಡಿದರೂ ಒಂದೇ ಸುಣ್ಣಕಲ್ಲು: ಮನೆ, ಗೋಡೆ, ಚಾವಣಿ, ಸಮಾಧಿ. ಗಣಿಯವರು ಪದರಕ್ಕೊಂದು ಹೆಸರಿಟ್ಟಿದ್ದಾರೆ: ಮೇಲೆ ಚಿಪ್ಪುಗಳ ಗುರುತು ತುಂಬಿದ ರೋಚ್, ಅದರ ಕೆಳಗೆ ವಿಟ್‌ಬೆಡ್, ತೀರ ಕೆಳಗೆ ನಯವಾದ ಬೇಸ್‌ಬೆಡ್. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಲು ಕ್ರಿಸ್ಟಫರ್ ರೆನ್ ಕಲ್ಲು ತರಿಸಿದ್ದು ಇಲ್ಲಿಂದಲೇ. ಹಾರ್ಡಿ ಕಲ್ಲುಕುಟಿಗನ ಮಗ, ಸ್ವತಃ ವಾಸ್ತುಶಿಲ್ಪ ಕಲಿತವನು. ಗರಗಸದ ಸದ್ದು ಅವನ ಪುಟಗಳ ಹಿನ್ನೆಲೆಯಲ್ಲಿ ನಿಲ್ಲುವುದೇ ಇಲ್ಲ. ಇಲ್ಲಿ ಮನೆತನಗಳೂ ನಾಲ್ಕಾರೇ, ತಮ್ಮತಮ್ಮಲ್ಲೇ ಕೊಟ್ಟು ತಂದವರು. ಅಜ್ಜಿಯ ಮುಖ ಮೊಮ್ಮಗಳಲ್ಲಿ ಮತ್ತೆ ಕಾಣುವುದು ಈ ನೆಲದಲ್ಲಿ ಪವಾಡವೇನಲ್ಲ. ಮೂರು ತಲೆಮಾರಿನ ಮೂವರು ಒಂದೇ ರೂಪದವರು ಎಂಬ ನಂಬಲಾಗದ ಕಥೆಯನ್ನು ಹಾರ್ಡಿ ನಂಬಿಸುವುದು ಹೀಗೆ, ಭೂಗೋಳದ ಬಲದಿಂದ.

ಜಾಸ್ಲಿನ್ ಶವಯಾತ್ರೆಯನ್ನು ದೂರದಿಂದ ನೋಡುತ್ತಾನೆ, ಹತ್ತಿರ ಹೋಗುವ ಧೈರ್ಯವಿಲ್ಲ. ಆಮೇಲೆ ಅದೇ ಏವಿಸ್ ಅವನ ಕಣ್ಣೆದುರು ನಡೆದಾಡುತ್ತಾಳೆ. ಇವಳು ಮಗಳು ಆ್ಯನ್ ಏವಿಸ್, ಬಟ್ಟೆ ಒಗೆದು ಬದುಕುವವಳು. ತಾಯಿಯ ಓದಿಲ್ಲ, ನಯವಿಲ್ಲ, ಮುಖ ಮಾತ್ರ ಅಚ್ಚು. ಜಾಸ್ಲಿನ್ ಪಕ್ಕದ ಕೋಟೆಮನೆಯನ್ನೇ ಬಾಡಿಗೆಗೆ ಹಿಡಿಯುತ್ತಾನೆ, ತನ್ನ ಬಟ್ಟೆ ಅವಳಿಗೇ ಒಗೆಯಲು ಕೊಡುತ್ತಾನೆ. ಅಕಾಡೆಮಿಯ ಶಿಲ್ಪಿ ತನ್ನ ಅಂಗಿಗಳ ಲೆಕ್ಕಕ್ಕಾಗಿ ಕಾಯುವುದನ್ನು ನೋಡಿದರೆ ನಗು ಬರುತ್ತದೆ. ಬರಬೇಕೆಂದೇ ಹಾರ್ಡಿ ಬರೆದಿದ್ದಾನೆ.

ಈ ಹುಡುಗಿಯ ಜೊತೆಗಿನ ಒಂದು ಮಾತುಕತೆಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ನಿನಗೆ ಯಾರ ಮೇಲಾದರೂ ಮನಸ್ಸಿದೆಯೇ ಎಂದು ಅವನು ಕೆದಕುತ್ತಾನೆ. ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ: ಆಗಲೇ ಹದಿನೈದು ಜನರ ಮೇಲೆ ಮನಸ್ಸಾಗಿದೆ, ಆದರೆ ಯಾರನ್ನಾದರೂ ಮೆಚ್ಚಿ ಹತ್ತಿರವಾದರೆ ಸಾಕು, ಅವನಲ್ಲಿ ಕಂಡದ್ದು ಇನ್ನೊಬ್ಬನಿಗೆ ಹಾರಿಬಿಡುತ್ತದೆ. ಜಾಸ್ಲಿನ್ ಬೆಚ್ಚುತ್ತಾನೆ. ಹುಟ್ಟಿದಾಗಿನಿಂದ ತನಗೊಬ್ಬನಿಗೇ ಬಂದ ಕಲಾವಿದನ ಶಾಪ ಎಂದುಕೊಂಡಿದ್ದ ರೋಗ ಒಬ್ಬ ಅಗಸಗಿತ್ತಿಗೂ ಇದೆ! ಆ ಹದಿನೈದರಲ್ಲಿ ತಾನೂ ಇದ್ದೆನೇ ಎಂದು ಕೇಳುತ್ತಾನೆ. ಇದ್ದನಂತೆ, ಒಂದು ವಾರದ ಮಟ್ಟಿಗೆ. ಆಮೇಲೆ ವಯಸ್ಸಾಯಿತು ಅನ್ನಿಸಿತಂತೆ. ಇದನ್ನೆಲ್ಲ ಅವಳು ಕುಚೋದ್ಯಕ್ಕೆ ಹೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ ಅಷ್ಟೆ. ಇಡೀ ಕಾದಂಬರಿಯ ನ್ಯಾಯ ಇಲ್ಲಿದೆ. ಹೆಂಗಸರನ್ನು ಪೊರೆಗಳೆಂದು ಕಂಡವನನ್ನು ಒಬ್ಬಳು ಪೊರೆಯಂತೆಯೇ ಕಳಚಿಹಾಕಿದಳು.

ಮದುವೆಯ ಮಾತೆತ್ತಿದಾಗ ಇನ್ನೊಂದು ಗುಟ್ಟು ಹೊರಬೀಳುತ್ತದೆ. ಐಸಾಕ್ ಎಂಬ ಗಣಿ ಕೆಲಸಗಾರನ ಜೊತೆ ಅವಳ ಮದುವೆ ಗುಟ್ಟಾಗಿ ಆಗಿಹೋಗಿದೆ; ಜಗಳವಾಡಿ ಅವನು ಗರ್ನ್‌ಸಿ ದ್ವೀಪಕ್ಕೆ ಹೋಗಿದ್ದಾನೆ. ಜಾಸ್ಲಿನ್ ತಾನೇ ಓಡಾಡಿ ಗಂಡನನ್ನು ಕರೆಸುತ್ತಾನೆ, ವ್ಯಾಪಾರಕ್ಕೆ ಹಚ್ಚುತ್ತಾನೆ. ಮಗು ಹುಟ್ಟುತ್ತದೆ, ಅದೂ ಹೆಣ್ಣೇ. ಅದಕ್ಕೂ ಏವಿಸ್ ಎಂದೇ ಹೆಸರು.

ಇನ್ನೂ ಇಪ್ಪತ್ತು ವರ್ಷ. ಅವನಿಗೆ ಅರವತ್ತು. ಐಸಾಕ್ ಗಣಿಯ ಅಪಘಾತದಲ್ಲಿ ಸತ್ತ ಸುದ್ದಿ ತಿಳಿದು ರೋಮಿನಿಂದ ಬಂದಿದ್ದಾನೆ. ಬೆಳದಿಂಗಳು. ಸಮುದ್ರದ ಕಡೆಯ ಬಂಡೆಗಳ ನಡುವೆ ಯುವತಿಯೊಬ್ಬಳ ಬೂಟು ಬಿರುಕಿಗೆ ಸಿಕ್ಕಿಕೊಂಡಿದೆ, ಎಳೆದಷ್ಟೂ ಬಿಗಿಯುತ್ತದೆ. ಜಾಸ್ಲಿನ್ ಮಂಡಿಯೂರಿ, ಬೂಟು ಬಿಡಿಸಿ, ಕಾಲನ್ನು ಹೊರತೆಗೆಯುತ್ತಾನೆ. ತಲೆಯೆತ್ತಿದರೆ ಮೂರನೆಯ ಏವಿಸ್: ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು. ಬೆಳದಿಂಗಳು ಅವನಿಗೆ ಕೆಲವು ವರ್ಷಗಳ ರಿಯಾಯಿತಿ ಕೊಟ್ಟಿದೆ. ಬೆಳಗಿನ ಬೆಳಕಿಗೆ ಅಂಥ ದಾಕ್ಷಿಣ್ಯವಿಲ್ಲ. ಕೋಣೆಯ ಕನ್ನಡಿಯಲ್ಲಿ ಒಬ್ಬ ಮುದುಕ ಇವನತ್ತ ನೋಡುತ್ತಾನೆ. ಒಳಗಿನವನಿಗೆ ಮಾತ್ರ ಇನ್ನೂ ಇಪ್ಪತ್ತು.

ಕಾಯಿಲೆ ಬಿದ್ದ ತಾಯಿ ಮಗಳನ್ನು ಅವನಿಗೆ ಕೊಡಲು ಹಂಬಲಿಸುತ್ತಾಳೆ, ತನ್ನದು ತಪ್ಪಿತು ಮಗಳದ್ದಾದರೂ ಆಗಲಿ ಎಂದು. ಈತ ಅಮ್ಮನನ್ನೂ ಅಜ್ಜಿಯನ್ನೂ ಬಯಸಿದ್ದನೆಂದು ತಿಳಿದಾಗ, ಮುತ್ತಜ್ಜಿಯನ್ನೂ ಬಯಸಿದ್ದಿರೋ ಎಂದು ಹುಡುಗಿ ಕೇಳುತ್ತಾಳೆ. ಮುಗ್ಧ ಪ್ರಶ್ನೆಯೇ, ಅಲಗಿನಷ್ಟು ಹರಿತ. ಮದುವೆಗೆ ಮುಂಚೆ ಅವಳು ಆನ್ರಿ ಲವೇರ್ ಎಂಬ ತರುಣನ ಜೊತೆ ಹುಟ್ಟಿಲ್ಲದ ದೋಣಿಯಲ್ಲಿ ಓಡಿಹೋಗುತ್ತಾಳೆ. ತಾಯಿಗೆ ಅದೇ ಸಾವು. ಆನ್ರಿ ಯಾರು? ಮಾರ್ಶಿಯಾಳ ಮಲಮಗ. ಕಾಕತಾಳೀಯ ಅತಿಯಾಯಿತು ಎನ್ನುವವರಿಗೆ ನಾನು ಎದುರಾಡುವುದಿಲ್ಲ. ಹಾರ್ಡಿಯ ಚಟ ಅದು.

ಮಾರ್ಶಿಯಾ ಬಂದಿದ್ದಾಳೆ. ಲಾಂದ್ರದ ಬೆಳಕು, ಮುಸುಕು, ಬಣ್ಣ: ನಲವತ್ತು ವರ್ಷದ ಮೇಲೂ ಚೆಲುವೆಯೇ. ಆದರೆ ಅವಳಿಗೆ ಮೋಸ ಬೇಡ. ಬೆಳಿಗ್ಗೆ ಎಲ್ಲ ಅಳಿಸಿಕೊಂಡು ಹಗಲಿನ ಬೆಳಕಿಗೆ ಬಂದು ನಿಲ್ಲುತ್ತಾಳೆ. ಸುಕ್ಕು, ಬಿಳಿ ಕೂದಲು, ಬತ್ತಿದ ಕೆನ್ನೆ. ನಾನು ಇರುವುದು ಹೀಗೆ, ನೋಡಿಕೋ ಎಂಬ ಧೈರ್ಯ. ಈ ಕಥೆಯಲ್ಲಿ ಅವನಿಗೆ ತನ್ನ ನಿಜವಾದ ಮುಖವನ್ನು ಬೇಕೆಂದೇ ತೋರಿಸಿದವಳು ಇವಳೊಬ್ಬಳೇ. ಆ ಹೊತ್ತಿಗೆ ಜಾಸ್ಲಿನ್ ಜ್ವರ ಬಿದ್ದು ಎದ್ದಿದ್ದಾನೆ, ಜ್ವರದ ಜೊತೆ ಸೌಂದರ್ಯದ ಹುಚ್ಚೂ ಇಳಿದಿದೆ. ನ್ಯಾಷನಲ್ ಗ್ಯಾಲರಿಯ ಚಿತ್ರಗಳ ಮುಂದೆ ನಿಂತರೂ ಏನೂ ಅನ್ನಿಸುವುದಿಲ್ಲ. ಅದಕ್ಕೆ ಅವನಿಗೆ ದುಃಖವಿಲ್ಲ, ನೆಮ್ಮದಿ. ಸಂಧಿವಾತದ ಮಾರ್ಶಿಯಾಳನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆದೊಯ್ದು ಮದುವೆಯಾಗುತ್ತಾನೆ. ಊರಿನ ಹಳೆಯ ಬಾವಿಗಳು ಕೊಳಕು ಎಂದು ಮುಚ್ಚಿಸುತ್ತಾನೆ, ಜೌಗು ಹಿಡಿದ ಹಳೆಯ ಕಲ್ಲುಮನೆಗಳನ್ನು ಕೊಂಡು ಕೆಡವಿಸಿ ಗಾಳಿಯಾಡುವ ಹೊಸ ಮನೆ ಕಟ್ಟಿಸುತ್ತಾನೆ. ಅವನು ಗುಣವಾದನೋ ಸತ್ತನೋ ಎಂದು ಓದುಗರು ಇವತ್ತಿಗೂ ಜಗಳವಾಡುತ್ತಾರೆ. ಗುಣವಾದ ಎಂದೇ ನನ್ನ ಮತ. ಕಲೆ ಹೋದದ್ದು ಅದಕ್ಕೆ ತೆತ್ತ ಬೆಲೆ, ಮತ್ತು ಬೆಲೆ ದುಬಾರಿಯೇನಲ್ಲ. ಅವನ ವೀನಸ್‌ಗಳ ಬಗ್ಗೆ ಹಾರ್ಡಿಗೇ ಅಂಥ ಗೌರವ ಇದ್ದಂತಿಲ್ಲ.

ಇದಕ್ಕೆ ಇನ್ನೊಂದು ರೂಪವೂ ಇದೆ. 1892ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಜಾಸ್ಲಿನ್ ಮಾರ್ಶಿಯಾಳನ್ನು ಮೊದಲೇ ಮದುವೆಯಾಗಿರುತ್ತಾನೆ, ಮೂರನೆಯ ಏವಿಸಳನ್ನೂ ಮದುವೆಯಾಗುತ್ತಾನೆ, ಕೊನೆಗೆ ಸಾಯಲು ಹೊರಟು ಬದುಕಿಕೊಂಡು, ಮುದಿ ಮಾರ್ಶಿಯಾಳನ್ನು ಕಂಡು ಹುಚ್ಚನಂತೆ ನಗುತ್ತಾನೆ. ಕಹಿ ಹೆಚ್ಚು, ಕರುಣೆ ಕಡಿಮೆ.

ಕಥೆಯ ಏವಿಸಳ ಮನೆಗೆ ಮಾದರಿಯೆಂದು ಹೇಳುವ ಕಲ್ಲುಮನೆ ದ್ವೀಪದ ವೇಕಮ್ ಬೀದಿಯಲ್ಲಿ ಇನ್ನೂ ನಿಂತಿದೆ. ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮೇರಿ ಸ್ಟೋಪ್ಸ್ ಅದನ್ನು ಉಳಿಸಿದರು; 1930ರಿಂದ ಅದು ಪೋರ್ಟ್‌ಲೆಂಡ್ ಮ್ಯೂಸಿಯಂ. ಅಷ್ಟು ದೂರ ಹೋಗಲಾಗದವರು ಪೆಂಗ್ವಿನ್ ಪ್ರತಿ ತರಿಸಿಕೊಳ್ಳಿ, ಎರಡೂ ರೂಪ ಅದರಲ್ಲಿವೆ. 1897ರದ್ದನ್ನು ಮೊದಲು ಓದಿ, 1892ರದ್ದು ಆಮೇಲೆ.