ಹಳೆ ಬೊಲೆರೋಗೆ ಪವರ್ ಹೆಚ್ಚು ಮಾಡ್ಸೋ ವಿಚಾರ

ಈ ಸಲ ಅಡಿಕೆ, ಮೆಣಸು ಎರಡನ್ನೂ ಬಿಟ್ಟು ಗಾಡಿ ವಿಚಾರ ಬರೀತಿದ್ದೀನಿ. ಮಳೆಗಾಲ ಮುಗಿಯೋದ್ರೊಳಗೆ ನಮ್ಮ ಸುತ್ತಮುತ್ತಲೇ ಮೂರು ಜನ "ಗಾಡಿ ಎಳೀತಿಲ್ಲ, ಪವರ್ ಹೆಚ್ಚು ಮಾಡ್ಸಬೇಕು" ಅಂತ ಗ್ಯಾರೇಜಿಗೆ ಅಲೆದಾಡಿದ್ದಾರೆ. ಒಬ್ಬರಿಗೆ ದೊಡ್ಡ ಟರ್ಬೋ ಹಾಕ್ಸಿ ಅಂದ್ರಂತೆ, ಇನ್ನೊಬ್ಬರಿಗೆ ಪಂಪಿನ ಸ್ಕ್ರೂ ತಿರುಗಿಸಿದ್ರೆ ಸಾಕು ಅಂದ್ರಂತೆ. ಮೂರನೆಯವನು ನಮ್ಮ ಭಾವ. ಅವನಿಗೆ ಎಂಜಿನ್ನೇ ಬದಲಾಯಿಸೋ ಲೆಕ್ಕ ಕೊಟ್ಟಿದ್ದಾರೆ, ಒಂದೂವರೆ ಕ್ವಿಂಟಾಲ್ ರಾಶಿ ಇಡಿಯ ದುಡ್ಡು. ಅವರ ಮನೇಲಿ ಇರೋದು ಅದೊಂದೇ ಗಾಡಿ. ಗೊಬ್ಬರಕ್ಕೂ ಅದೇ, ಅತ್ತೆಯವರನ್ನ ಮಣಿಪಾಲಕ್ಕೆ ಕರ್ಕೊಂಡು ಹೋಗೋಕೂ ಅದೇ. 2010ರ ಗಾಡಿ, 15 ವರ್ಷದ ಆರ್‌ಸಿ ರಿನ್ಯೂವಲ್ ಬೇರೆ ಆಗಬೇಕು. ನನ್ನದೂ ಅದೇ ಕಾಲದ ಡಿಐ ಟರ್ಬೋ ಬೊಲೆರೋ. ಹಾಗಾಗಿ ಕೂತು ಲೆಕ್ಕ ಹಾಕಿದೆ.

ಮೊದಲು ಘಾಟಿ ಹತ್ತೋಕೆ ಎಷ್ಟು ಪವರ್ ಬೇಕು ಅನ್ನೋದು ನೋಡೋಣ. ಸೋಮೇಶ್ವರದಿಂದ ಆಗುಂಬೆ ಘಾಟಿ, 14 ತಿರುವು, ನಮಗೆಲ್ಲ ಗೊತ್ತಿರೋದೇ. ಮಲ್ಪೆ ಕಡೆಯಿಂದ ಎಂಟು ಚೀಲ ಮೀನಿನ ಗೊಬ್ಬರ ಹೇರಿದ್ರೆ, ಗಾಡಿ, ಇಬ್ಬರು ಜನ ಎಲ್ಲಾ ಸೇರಿ ಸುಮಾರು 2,200 ಕೆಜಿ. ಹತ್ತು ಅಡಿ ಹೋದ್ರೆ ಒಂದಡಿ ಏರೋ ರಸ್ತೆ ಅಂತ ಇಟ್ಕೊಳ್ಳಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅದನ್ನ ಹತ್ತೋಕೆ, ಟೈರು, ಗೇರು ತಿನ್ನೋದೂ ಸೇರಿಸಿ, ಎಂಜಿನ್ನಿಂದ ಬೇಕಾಗೋದು ಹೆಚ್ಚುಕಮ್ಮಿ 23 ಎಚ್‌ಪಿ. ಅಷ್ಟೇ. ನಮ್ಮ ಗಾಡಿ ಪುಸ್ತಕದಲ್ಲಿ ಬರೆದಿರೋದು 63 ಎಚ್‌ಪಿ. ಅದು ಎಂಜಿನ್ ಪೂರ್ತಿ ಓಡಿದಾಗ ಸಿಗೋದು, ಸರಿ. ಆದ್ರೆ ಇದರ ಟಾರ್ಕ್ 180 ನ್ಯೂಟನ್ ಮೀಟರ್, ಅದು ಸಿಗೋ 1500 ಆರ್‌ಪಿಎಮ್ ಹತ್ರವೇ ಲೆಕ್ಕ ಹಾಕಿದ್ರೂ 38 ಎಚ್‌ಪಿ ಬರುತ್ತೆ. ಅಂದ್ರೆ ಎರಡನೇ ಗೇರಲ್ಲಿ ಆರಾಮಾಗಿ ಹತ್ತಬೇಕು. ತಿರುವಿನಲ್ಲಿ ಏರು ಜಾಸ್ತಿ, ಅಲ್ಲಿ ಒಂದನೇ ಗೇರಿಗೆ ಬಂದ್ರೆ ಅದು ಸಹಜ.

ನೇರ ರಸ್ತೇಲೂ ಎರಡನೇ ಗೇರಲ್ಲಿ ಉಸಿರು ಕಟ್ಟಿದ ಹಾಗೆ ಆಡ್ತಿದ್ರೆ, ಕಂಪನಿ ಕೊಟ್ಟ ಪವರ್ ಕಮ್ಮಿ ಆಯ್ತು ಅಂತಲ್ಲ. ಕೊಟ್ಟಿದ್ದು ಎಲ್ಲೋ ಸೋರಿ ಹೋಗ್ತಿದೆ. ಇದ್ದದ್ದನ್ನ ವಾಪಸ್ ತರೋದು ಬೇರೆ, ಇಲ್ಲದ್ದನ್ನ ಹಾಕೋದು ಬೇರೆ. ಗ್ಯಾರೇಜಿನವರು ಎರಡಕ್ಕೂ "ಪವರ್ ಹೆಚ್ಚು ಮಾಡೋದು" ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದಾರೆ.

ಸೋರೋದು ಎಲ್ಲಿ ಅಂತ ಮನೇಲೇ ಅರ್ಧ ಹುಡುಕಬಹುದು. ಭಾವನ ಗಾಡೀಲಿ ಮೊದಲು ನೋಡಿದ್ದು ಎಕ್ಸಲೇಟರ್ ಕೇಬಲ್. ಎಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಪೂರ್ತಿ ಒತ್ತಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಪಂಪಿನ ಲಿವರ್ ಕೊನೇ ಸ್ಕ್ರೂಗೆ ತಾಗುತ್ತಾ ನೋಡಬೇಕು. ಅವನದ್ದು ತಾಗ್ತಾ ಇರಲಿಲ್ಲ, ಒಂದು ಬೆರಳು ಸಂದು. ಕೇಬಲ್ ಜಗ್ಗಿತ್ತು, ಮೇಲಿಂದ ಪೆಡಲ್ ಅಡಿ ಎರಡು ಮ್ಯಾಟ್! ಮಾರಾಯ್ರೇ, ಇದಕ್ಕೆ ಎಂಜಿನ್ ಬದಲಾಯಿಸೋಕೆ ಹೊರಟಿದ್ರು.

ಎರಡನೇದು ಟರ್ಬೋದಿಂದ ಎಂಜಿನ್‌ಗೆ ಗಾಳಿ ಹೋಗೋ ರಬ್ಬರ್ ಪೈಪು. ಇಷ್ಟು ವರ್ಷದ ರಬ್ಬರ್ ಸೀಳದೆ ಇರುತ್ತಾ? ಕೆಳಗಡೆ ಸೀಳಿದ್ರೆ ಕಣ್ಣಿಗೆ ಕಾಣಲ್ಲ, ಕೈಯಾಡಿಸಿ ನೋಡಬೇಕು. ಕ್ಲಿಪ್ಪಿನ ಹತ್ರ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತಿದ್ರೆ ಅಲ್ಲಿ ಗಾಳಿ ಹೋಗ್ತಿದೆ ಅಂತ. ಏರಿನಲ್ಲಿ "ಸುಸ್" ಅಂತ ಶಬ್ದ, ಹಿಂದೆ ಕರಿ ಹೊಗೆ ಬಂದ್ರೂ ಇದೇ. ಡೀಸೆಲ್ ಬಂತು, ಗಾಳಿ ಬರಲಿಲ್ಲ. ಏರ್ ಫಿಲ್ಟರ್ ಕಟ್ಟಿದ್ರೂ ಇದೇ ಕಥೆ. ನಮ್ಮ ಕೆಮ್ಮಣ್ಣು ರಸ್ತೇಲಿ ಫಿಲ್ಟರ್‌ಗೆ ಪುಸ್ತಕದ ಕಿಲೋಮೀಟರ್ ಲೆಕ್ಕ ಹಿಡಿದು ಕೂರಬೇಡಿ, ಬೇಸಿಗೇಲಿ ಆಗಾಗ ಬಿಚ್ಚಿ ನೋಡಿ.

ಬಿಳಿ ಹೊಗೆ ಬಿಟ್ಟು ಬೆಳಿಗ್ಗೆ ಕೆಮ್ಮಿಕೊಂಡು ಸ್ಟಾರ್ಟ್ ಆಗೋದಾದ್ರೆ ನಾಜಲ್ ಬಿಚ್ಚಿಸಿ ಡೀಸೆಲ್ ಪಂಪ್ ಕೆಲಸದವರ ಹತ್ರ ಟೆಸ್ಟ್ ಮಾಡ್ಸಿ. ನೀಲಿ ಹೊಗೆ ಬಂದು, ಎಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಹಬೆ ಬುಸುಬುಸು ಅಂತ ಬಂದ್ರೆ ಮಾತ್ರ ಪಿಸ್ಟನ್ ರಿಂಗ್, ಬೋರ್ ಯೋಚನೆ ಬರಬೇಕು. ಅಂಥ ಎಂಜಿನ್‌ಗೆ ಟರ್ಬೋ ಪ್ರೆಶರ್ ಹೆಚ್ಚಿಸೋದು ಅಂದ್ರೆ ಬಿರುಕು ಬಿಟ್ಟ ಕಟ್ಟಿಗೆ ಇನ್ನಷ್ಟು ನೀರು ನಿಲ್ಲಿಸಿದ ಹಾಗೆ.

ಎಂಜಿನ್ ಬಿಟ್ಟು ಹೊರಗೂ ನೋಡಬೇಕು. ಹತ್ತು ಕಿಲೋಮೀಟರ್ ಹೆಚ್ಚು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ರ ಕೈ ಒಡ್ಡಿ. ಒಂದು ಮಾತ್ರ ಸುಡ್ತಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ. ಏರಿನಲ್ಲಿ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ ಅಂದ್ರೆ ಕ್ಲಚ್ ಜಾರ್ತಿದೆ.

ಟೈರ್ ವಿಚಾರ ಯಾರೂ ಹೇಳಲ್ಲ. ಬೊಲೆರೋಗೆ ಬಂದಿದ್ದು 215/75 ಆರ್15. ನನ್ನ ಗಾಡಿಗೆ ಹಳೇ ಓನರ್ ನೋಡೋಕೆ ಗತ್ತು ಅಂತ 235/75 ಹಾಕ್ಸಿದ್ರು. ಚಕ್ರದ ಎತ್ತರ ಮೂರು ಸೆಂಟಿಮೀಟರ್ ಹೆಚ್ಚು, ಅಂದ್ರೆ ಪ್ರತಿ ಗೇರಲ್ಲೂ ಎಳೆತ ನೂರಕ್ಕೆ ನಾಲ್ಕು ಕಮ್ಮಿ. ಸ್ಪೀಡೋಮೀಟರ್ ಕೂಡ ಅಷ್ಟೇ ಸುಳ್ಳು ಹೇಳುತ್ತೆ. ಟೈರ್ ಸವೆದ ಮೇಲೆ 215ಕ್ಕೆ ಬಂದೆ. ಪುಕ್ಕಟೆ ಸಿಕ್ಕ ಪವರ್ ಅದು.

ಇಷ್ಟೂ ಸರಿ ಮಾಡಿದ ಮೇಲೂ ಸಾಲದು ಅನ್ನೋರು ಇದ್ದಾರೆ. ಅವರಿಗೆ ಪಂಪಿನ ಸ್ಕ್ರೂ. ನಮ್ಮ ಹಳೇ ಮೆಕಾನಿಕಲ್ ಪಂಪಿನಲ್ಲಿ ಅದನ್ನ ತಿರುಗಿಸಿದ್ರೆ ಡೀಸೆಲ್ ಹೆಚ್ಚು ಹೋಗುತ್ತೆ, ಪಿಕಪ್ ಬರುತ್ತೆ, ನಿಜ. ಅರ್ಧ ಗಂಟೆ ಕೆಲಸ, ಹಾಗಾಗಿ ಎಲ್ಲರಿಗೂ ಇಷ್ಟ. ಆದ್ರೆ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದ್ರೆ ಉರಿಯದೆ ಉಳಿದದ್ದು ಕರಿ ಹೊಗೆ, ಉರಿದದ್ದು ಬಿಸಿ. ಊರೊಳಗೆ ಓಡಾಡುವಾಗ ಏನೂ ಆಗಲ್ಲ. ಘಾಟೀಲಿ ಲೋಡ್ ಹಾಕಿ ಇಪ್ಪತ್ತು ನಿಮಿಷ ಒಂದೇ ಸಮ ಒತ್ತಿದಾಗ ಆ ಬಿಸಿ ಪಿಸ್ಟನ್ ತಲೆ, ಟರ್ಬೋ, ಹೆಡ್ ಗ್ಯಾಸ್ಕೆಟ್ ಮೇಲೆ ಬೀಳುತ್ತೆ. ನೀರಿನ ಮೀಟರ್ ಅದನ್ನ ತೋರಿಸಲ್ಲ. ಜೊತೆಗೆ ರಿನ್ಯೂವಲ್‌ಗೆ ಹೋದಾಗ ಹೊಗೆ ತಪಾಸಣೆ ಇದೆ, ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್.

ಸ್ವಿಫ್ಟ್, ಡಿಸೈರ್ ಡೀಸೆಲ್ ಇಟ್ಕೊಂಡಿರೋ ಹುಡುಗರದ್ದು ಬೇರೆ ಕಥೆ. ಅಲ್ಲಿ ಸ್ಕ್ರೂ ಇಲ್ಲ, ಕಂಪ್ಯೂಟರ್ ರೀಮ್ಯಾಪ್. "ಇದೇ 1248 ಸಿಸಿ ಎಂಜಿನ್ ಎರ್ಟಿಗಾದಲ್ಲಿ 90 ಎಚ್‌ಪಿ ಕೊಡುತ್ತೆ, ನಿಮ್ಮದರಲ್ಲಿ 75ಕ್ಕೆ ಕಟ್ಟಿ ಹಾಕಿದ್ದಾರೆ, ಬಿಚ್ಚಿ ಕೊಡ್ತೀವಿ" ಅಂತಾರೆ. ಅರ್ಧ ಸತ್ಯ. ಆ 90ರ ಎಂಜಿನ್‌ಗೆ ಹಾಕಿರೋ ಟರ್ಬೋನೇ ಬೇರೆ, ವೇಗಕ್ಕೆ ತಕ್ಕ ಹಾಗೆ ಒಳಗಿನ ರೆಕ್ಕೆ ಹೊಂದಿಸಿಕೊಳ್ಳೋದು. 75ರದ್ದು ಹಾಗಿಲ್ಲ. ಸಾಫ್ಟ್‌ವೇರ್ ಬದಲಾದ್ರೆ ಕಬ್ಬಿಣ ಬದಲಾಗಲ್ಲ. ಒಳ್ಳೆ ಕಂಡೀಶನ್ ಗಾಡಿಗೆ, ಮಿತವಾಗಿ, ಗೊತ್ತಿರೋರ ಹತ್ರ ಮಾಡಿಸಿಕೊಂಡು ಚೆನ್ನಾಗಿ ಓಡಿಸ್ತಿರೋರೂ ಇದ್ದಾರೆ, ಇಲ್ಲ ಅನ್ನಲ್ಲ. ಎರಡು ಲಕ್ಷ ಕಿಲೋಮೀಟರ್ ಓಡಿದ ಕ್ಲಚ್ ಮೇಲೆ ಬೇಡ.

ಇನ್ನು ಎಂಜಿನ್ ಬದಲಾವಣೆ. ಭಾವನಿಗೆ ಹೇಳಿದ್ದು ಬೇರೆ ಮಾಡೆಲ್‌ನ ದೊಡ್ಡ ಎಂಜಿನ್ ಕೂರಿಸೋಣ ಅಂತ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಕೇಸಲ್ಲಿ ಇದನ್ನೇ ಎತ್ತಿ ಹಿಡೀತು. ಅದೇ ವರ್ಷ ಕಾಯ್ದೆಗೆ ಸೇರಿಸಿದ 182ಎ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಎಂಜಿನ್ ಪೂರ್ತಿ ಹೋಗಿದ್ರೆ ಅದೇ ಮಾಡೆಲ್ ಎಂಜಿನ್ ಹಾಕ್ಸೋದು ಬೇರೆ ವಿಷಯ, ಅದಕ್ಕೆ ಮೊದಲೇ ಆರ್‌ಟಿಒ ಅನುಮತಿ ತಗೊಂಡು ಹೊಸ ಎಂಜಿನ್ ನಂಬರ್ ಆರ್‌ಸಿಗೆ ಹತ್ತಿಸಬೇಕು. "ಯಾರು ನೋಡ್ತಾರೆ" ಅಂತ ಗ್ಯಾರೇಜಿನವರು ಹೇಳಿದ್ರಂತೆ. ರಿನ್ಯೂವಲ್ ದಿನ ಇನ್ಸ್‌ಪೆಕ್ಟರ್ ನೋಡ್ತಾರೆ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ನೋಡ್ತಾರೆ.

ಪವರ್ ಹೆಚ್ಚಾದ್ರೆ ನಮಗೆ ಸಿಗೋದು ಏನು ಅಂತಲೂ ಯೋಚನೆ ಮಾಡಿ. ಅದೇ ಘಾಟಿ 20ರ ಬದಲು 40ರಲ್ಲಿ ಹತ್ತೋಕೆ 46 ಎಚ್‌ಪಿ ಬೇಕು. ದುಡ್ಡು ಕೊಟ್ಟು ತಗೊಳ್ಳೋದು ಏರಿನ ವೇಗ ಮಾತ್ರ. ಇಳಿಯುವಾಗ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ, ಬ್ರೇಕ್ ಹಳೇದೇ. ಮಳೇಲಿ ಆ ತಿರುವುಗಳಲ್ಲಿ 40ರಲ್ಲಿ ಹತ್ತೋ ಧೈರ್ಯ ನನಗಂತೂ ಇಲ್ಲ. ಅದೇ ದುಡ್ಡಲ್ಲಿ ಒಂದು ಸಣ್ಣ ಭಾಗಕ್ಕೆ ಬ್ರೇಕ್ ಲೈನಿಂಗ್, ಹೊಸ ಬ್ರೇಕ್ ಆಯಿಲ್ ಆಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ನಮ್ಮ ಕಡೆ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ಭಾವನ ಗಾಡಿ ಈಗ ಎಲ್ಲಿಗೆ ಬಂದಿದೆ ಅಂದ್ರೆ, ಕೇಬಲ್ ಬಿಗಿ ಆಯ್ತು, ಮ್ಯಾಟ್ ಒಂದೇ ಉಳೀತು, ಸೀಳಿದ ಪೈಪ್ ಹೊಸದು ಬಂತು. ಹೋದ ಭಾನುವಾರ ಎಂಟು ಚೀಲ ಹಾಕಿಕೊಂಡು ಎರಡನೇ ಗೇರಲ್ಲಿ ಹತ್ತಿ ಬಂದ. ಕೊನೇ ನಾಲ್ಕು ತಿರುವಿಗೆ ಒಂದನೇ ಗೇರ್ ಬೇಕಾಯ್ತಂತೆ. ಕರಿ ಹೊಗೆ ಇನ್ನೂ ಸ್ವಲ್ಪ ಇದೆ, ನಾಜಲ್ ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಿದ್ದಾನೆ, ಬುಧವಾರ ಬರುತ್ತೆ. ಎಂಜಿನ್‌ಗೆ ಕೊಡೋಕೆ ಹೊರಟಿದ್ದ ಅಡ್ವಾನ್ಸ್ ಸದ್ಯಕ್ಕೆ ಅಕ್ಕನ ಹತ್ರ ಇದೆ, ಅವಳು ಅದನ್ನ ವಾಪಸ್ ಕೊಡೋ ಲಕ್ಷಣ ಕಾಣ್ತಿಲ್ಲ.