ನಡುವಿನ ನೂರೈವತ್ತು

ಪುಣೆಯ ನಮ್ಮ ಕನ್ನಡ ಗೆಳೆಯರು ಸೇರಿದಾಗ ಮೊದಲೆಲ್ಲ ಫ್ಲ್ಯಾಟಿನ ಬೆಲೆಯದ್ದೇ ಮಾತು. ಈಗ ಮಿಡ್‌ಕ್ಯಾಪ್ ಇಂಡೆಕ್ಸಿನದು. "ಕಂಪನಿ ಆರಿಸುವ ತಲೆನೋವಿಲ್ಲ, ಇಂಡೆಕ್ಸ್ ಫಂಡಿಗೆ ಹಾಕಿ ಮರೆತುಬಿಡಿ" ಎನ್ನುವವರೇ ಹೆಚ್ಚು. ಮಗಳ ಕಾಲೇಜಿಗೆಂದು ನಾನೂ ತಿಂಗಳು ತಿಂಗಳು ಹಾಕುತ್ತಿದ್ದೇನೆ. ಆದರೆ ಮರೆಯುವ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ನೂರು ದೊಡ್ಡ ಕಂಪನಿಗಳನ್ನು ಬಿಟ್ಟು, ಅವುಗಳ ನಂತರದ 150 ಕಂಪನಿಗಳ ಪಟ್ಟಿಯೇ ನಿಫ್ಟಿ ಮಿಡ್‌ಕ್ಯಾಪ್ 150. ಮ್ಯೂಚುವಲ್ ಫಂಡ್‌ಗಳಿಗೆ ಸೆಬಿ 2017ರಲ್ಲಿ ಹಾಕಿದ ಗೆರೆಯೂ ಅದೇ: 101ರಿಂದ 250ನೇ ಸ್ಥಾನದವರೆಗೆ ಮಿಡ್‌ಕ್ಯಾಪ್. ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಪರಿಷ್ಕರಿಸುತ್ತಾರೆ. ಇಲ್ಲಿದ್ದ ಟ್ರೆಂಟ್ ಬೆಳೆದು 2024ರಲ್ಲಿ ನಿಫ್ಟಿ 50 ಸೇರಿತು. 2020ರಲ್ಲಿ ನಿಫ್ಟಿ 50ರಿಂದ ಹೊರಬಿದ್ದ ಯೆಸ್ ಬ್ಯಾಂಕ್ ಈ ಪಟ್ಟಿಗೆ ಇಳಿಯಿತು. ಏರುವವರೂ ಇಳಿಯುವವರೂ ಭೇಟಿಯಾಗುವ ಮೆಟ್ಟಿಲು ಇದು.

ಹಾಗಾಗಿ ಈ ಸೂಚ್ಯಂಕಕ್ಕೆ ವಯಸ್ಸಾಗುವುದಿಲ್ಲ. ಸದಸ್ಯರು ಬದಲಾಗುತ್ತಾರೆ, ಪಟ್ಟಿ ಮಾತ್ರ ಸದಾ ನಡುವಯಸ್ಸಿನಲ್ಲೇ ಇರುತ್ತದೆ. ಬಿದ್ದರೂ ಏಳಲು ಅದಕ್ಕೆ ಬೇಕಾದಷ್ಟು ಸಮಯವಿದೆ. ನಿಫ್ಟಿ 50 ಸುಮಾರು ಶೇ. 3ರಷ್ಟು ಏರಿದ 2018ರಲ್ಲೇ ಮಿಡ್‌ಕ್ಯಾಪ್ 100 ಸೂಚ್ಯಂಕ ಸುಮಾರು ಶೇ. 15ರಷ್ಟು ಇಳಿದಿತ್ತು. 2008ರಲ್ಲಂತೂ ಒಂದೇ ವರ್ಷದಲ್ಲಿ ಮಿಡ್‌ಕ್ಯಾಪ್ ಷೇರುಗಳ ಅರ್ಧಕ್ಕಿಂತ ಹೆಚ್ಚು ಮೌಲ್ಯ ಕರಗಿತ್ತು. ಮುಂದೆ ಮಾರುಕಟ್ಟೆ ಚೇತರಿಸಿಕೊಂಡಿತು, ನಿಜ. ಆದರೆ ಕಾಲೇಜಿನ ಫೀಸು ಚೇತರಿಕೆಗೆ ಕಾಯುವುದಿಲ್ಲ.

ನನ್ನಂಥವರಿಗೆ ಇನ್ನೊಂದು ಅಪಾಯವೂ ಇದೆ. ಇದೇ ಪಟ್ಟಿಯಲ್ಲಿ ಪರ್ಸಿಸ್ಟೆಂಟ್, ಎಂಫಸಿಸ್‌ನಂಥ ಐಟಿ ಕಂಪನಿಗಳೂ ಇವೆ. ಅಮೆರಿಕದ ಗ್ರಾಹಕರು ಖರ್ಚು ಕಡಿತ ಮಾಡಿದರೆ ಅವುಗಳ ಷೇರೂ ಬೀಳಬಹುದು, ನಲವತ್ತೈದರ ಪ್ರಾಜೆಕ್ಟ್ ಮ್ಯಾನೇಜರ್‌ನ ಕುರ್ಚಿಯೂ ಅಲುಗಬಹುದು. ಸಂಬಳ ಮತ್ತು ಉಳಿತಾಯ ಎರಡೂ ಒಂದೇ ಮಳೆಯಲ್ಲಿ ನೆನೆಯುವುದು ಬೇಡ.

ಮಗಳು ಈಗ ಒಂಬತ್ತನೇ ತರಗತಿ. ಇನ್ನು ಮೂರು ವರ್ಷದಲ್ಲಿ ಅವಳ ಹಣವನ್ನು ಮೂರು ಕಂತಿನಲ್ಲಿ ಬ್ಯಾಂಕ್ ಠೇವಣಿಗೆ ವರ್ಗಾಯಿಸುವುದೆಂದು ತೀರ್ಮಾನಿಸಿದ್ದೇನೆ. "ಏರುತ್ತಿರುವಾಗ ತೆಗೆಯುತ್ತೀರಾ?" ಎಂದು ಹೆಂಡತಿ ಕೇಳಿದಳು. ಏರುತ್ತಿರುವಾಗ ತೆಗೆಯುವುದೇ ಸುಲಭ, ಬಿದ್ದ ಮೇಲೆ ಕೈ ಬರುವುದಿಲ್ಲ ಎಂದೆ. ನನ್ನ ನಿವೃತ್ತಿಯ ಹಣ ಅಲ್ಲೇ ಇರಲಿ. ಅದಕ್ಕಿನ್ನೂ ಹದಿನೈದು ವರ್ಷ ಕಾಯಬಹುದು.