ತಲೆಯ ಮೇಲೊಂದು ನಾಟಿ

ಉರ್ದುವಿನಲ್ಲಿ ಒಂದು ಗಾದೆಯಿದೆ: ‘ಖುದಾ ಗಂಜೇ ಕೋ ನಾಖೂನ್ ನ ದೇ.’ ಬೊಕ್ಕತಲೆಯವನಿಗೆ ದೇವರು ಉಗುರು ಕೊಡದಿರಲಿ ಎಂದರ್ಥ. ಕೊಟ್ಟರೆ ತಲೆ ಕೆರೆದುಕೊಂಡು ಗಾಯ ಮಾಡಿಕೊಂಡಾನು ಎಂಬುದು ಮೇಲ್ನೋಟದ ಕಾಳಜಿ. ಅಯೋಗ್ಯನ ಕೈಗೆ ಅಧಿಕಾರ ಸಿಗದಿರಲಿ ಎಂಬುದು ಒಳಗಿನ ಮಾತು. ಅಯೋಗ್ಯನೆಂದು ಹೇಳಲು ಗಾದೆ ಕಟ್ಟಿದವರಿಗೆ ಬೊಕ್ಕತಲೆಯವನೇ ಸಿಕ್ಕಿದ್ದು ನೋಡಿ! ಸಂಸ್ಕೃತದ ಭರ್ತೃಹರಿ ಕೂಡ ದುರದೃಷ್ಟಕ್ಕೆ ಉದಾಹರಣೆಯಾಗಿ ಬೋಳುತಲೆಯವನನ್ನೇ ಬಿಸಿಲಿಗೆ ಅಟ್ಟಿದ. ಅವನು ನೆರಳಿಗೆಂದು ಮರದಡಿ ನಿಂತರೆ ಹಣ್ಣು ಬಿದ್ದದ್ದು ಅವನ ತಲೆಯ ಮೇಲೇ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಬೊಕ್ಕತಲೆಯನ್ನು ನೋಡಿ ನಗುವುದರಲ್ಲಿ ಯಾವ ಭಾಷೆಯೂ ಹಿಂದೆ ಬಿದ್ದಿಲ್ಲ. ಈಗ ನಲವತ್ತು ದಾಟಿದ ನನ್ನ ತಲೆಯೂ ಆ ನಗುವಿನ ಪಾಲುದಾರ.

ನಾನು ಕತೆ ಬರೆಯುವವನು, ನನಗೆ ತಲೆಯ ಹೊರಗಿನ ಬೆಳೆ ಅಷ್ಟು ಮುಖ್ಯವಲ್ಲ. ಆದರೆ ಮದುವೆಯ ವಯಸ್ಸಿನ ಹುಡುಗನಿಗೆ ಅದು ತಮಾಷೆಯಲ್ಲ. 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ಸಿನಿಮಾದಲ್ಲಿ ಮಂಗಳೂರಿನ ಕನ್ನಡ ಉಪನ್ಯಾಸಕನೊಬ್ಬ ಬೊಕ್ಕತಲೆಯ ಕಾರಣಕ್ಕೆ ಹೆಣ್ಣು ಸಿಗದೆ ಒದ್ದಾಡುವುದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ನಮ್ಮ ಮನೆಯಲ್ಲೇ ಅಂಥ ಕತೆ ಶುರುವಾದಾಗ ಯಾರೂ ನಗಲಿಲ್ಲ.

ನನ್ನ ಆಪಾಳ ಮಗನಿಗೆ ಇಪ್ಪತ್ತೈದು ವರ್ಷ. ಓದಿದ್ದಾನೆ, ಬೆಂಗಳೂರಿನಲ್ಲಿ ಕೆಲಸವಿದೆ, ಸಿಗರೇಟು ಸಹ ಮುಟ್ಟದ ಹುಡುಗ. ಆದರೆ ಹಣೆ ಎರಡೂ ಕಡೆಯಿಂದ ಒತ್ತುವರಿ ಮಾಡುತ್ತಾ ನಡುನೆತ್ತಿಯ ಹತ್ತಿರ ಬಂದಿದೆ. ಮೂರು ಸಂಬಂಧಗಳು ಫೋಟೋ ನೋಡಿಯೇ ಹಿಂದೆ ಸರಿದವು. “ನಮ್ಮವರಿಗೆ ಟೋಪಿ ಇದೆಯಲ್ಲ, ಚಿಂತೆ ಏಕೆ?” ಎಂದು ಗೆಳೆಯರು ಹೇಳುವುದುಂಟು. ಆದರೆ ಟೋಪಿ ಹಾಕಿದ ಫೋಟೋ ಕಳಿಸಿದರೆ, ಟೋಪಿ ಇಲ್ಲದ್ದು ಒಂದು ಕಳಿಸಿ ಎಂದು ಕೇಳುವ ಕಾಲ ಇದು. “ನನ್ನ ಬಳೆ ಅಡವಿಟ್ಟರೂ ಸರಿ, ಶವ್ವಾಲ್ ತಿಂಗಳೊಳಗೆ ಹುಡುಗನ ತಲೆ ಸರಿ ಮಾಡಿಸು” ಎಂದು ಆಪಾ ನನಗೆ ಹೇಳಿದಳು. ಶವ್ವಾಲ್‌ಗೆ ಇನ್ನು ನಾಲ್ಕು ತಿಂಗಳಿತ್ತು.

ಬೆಂಗಳೂರಿನಲ್ಲಿ ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಕ್ಲಿನಿಕ್ಕಿಗೆ. ಬಿಳಿ ಕೋಟು ತೊಟ್ಟ ಒಬ್ಬ ತರುಣ ನಮ್ಮನ್ನು ಕೂರಿಸಿ ಕಾಫಿ ಕೊಟ್ಟ. ಅವನು ವೈದ್ಯನಲ್ಲ, ಕೌನ್ಸೆಲರ್ ಎಂದು ಅರ್ಧ ಗಂಟೆಯ ನಂತರ ತಿಳಿಯಿತು. ಒಂದೇ ದಿನದಲ್ಲಿ ಮೂರೂವರೆ ಸಾವಿರ ಗ್ರಾಫ್ಟ್, ಹೊಲಿಗೆ ಇಲ್ಲ, ಕಲೆ ಇಲ್ಲ, ನೋವಿಲ್ಲ, ಕಂತಿನಲ್ಲಿ ಕಟ್ಟಬಹುದು, ರಿಯಾಯಿತಿ ಭಾನುವಾರದವರೆಗೆ ಮಾತ್ರ ಎಂದ. ಹುಡುಗನ ವಯಸ್ಸನ್ನಾಗಲೀ, ಮನೆಯಲ್ಲಿ ಯಾರ ತಲೆ ಹೇಗಿದೆ ಎಂದಾಗಲೀ ಅವನು ಕೇಳಲಿಲ್ಲ. ಹಳೆಯ ಹೊಲಿಗೆಯ ವಿಧಾನ ಬಗ್ಗೆ ಕೇಳಿದ್ದಕ್ಕೆ, “ಅದೆಲ್ಲ ಹಳೇ ಕಾಲದ್ದು ಸಾರ್” ಎಂದು ಮುಗಿಸಿಬಿಟ್ಟ.

ಎರಡನೆಯದು ಮಹಡಿಯ ಮೇಲಿನ ಒಂದು ಸಣ್ಣ ಕ್ಲಿನಿಕ್. ಅಲ್ಲಿದ್ದ ಹಿರಿಯ ಚರ್ಮರೋಗ ತಜ್ಞರು ಎರಡೂ ವಿಧಾನಗಳನ್ನು ಮಾಡುವವರು. ಅವರು ಹುಡುಗನ ಹಣೆಯ ಕಡೆ ನೋಡಲೇ ಇಲ್ಲ. ತಲೆಯ ಹಿಂಭಾಗಕ್ಕೆ ಭೂತಗನ್ನಡಿಯಂಥ ಉಪಕರಣ ಹಿಡಿದು ಹತ್ತು ನಿಮಿಷ ನೋಡಿದರು. ನಂತರ ನನ್ನ ಕಡೆ ತಿರುಗಿ, “ನೀವು ತಾಯಿಯ ಕಡೆಯ ಮಾವನೇ? ಸ್ವಲ್ಪ ಟೋಪಿ ತೆಗೆಯಿರಿ” ಎಂದರು. ತೆಗೆದೆ. ನನ್ನ ತಲೆಯನ್ನು ತೋರಿಸಿ ಹುಡುಗನಿಗೆ, “ನಾಳೆ ನಿನ್ನ ತಲೆ ಹೀಗಾಗುವ ಸಾಧ್ಯತೆ ಇದೆ. ಈಗ ನಾವು ಲೆಕ್ಕ ಹಾಕಬೇಕಾದ್ದು ಇದಕ್ಕೆ” ಎಂದರು. ನನ್ನ ತಲೆ ಒಂದು ಪಠ್ಯಪುಸ್ತಕವಾದದ್ದು ಅದೇ ಮೊದಲು. ಬೋಳಾಗುವ ಗುಣ ತಂದೆ, ತಾಯಿ ಎರಡೂ ಕಡೆಯಿಂದ ಬರುತ್ತದಂತೆ. ಆದರೆ ಅದರಲ್ಲಿ ಒಂದು ಮುಖ್ಯ ವಂಶವಾಹಿ ತಾಯಿಯಿಂದಲೇ ಬರುವುದರಿಂದ ಸೋದರಮಾವನ ತಲೆ ನೋಡುವ ಹಳಬರ ರೂಢಿಯಲ್ಲಿ ಒಂದಿಷ್ಟು ಹುರುಳಿದೆ.

ಅವರು ಹೇಳಿದ್ದು ನನಗೆ ಸುಲಭವಾಗಿ ಅರ್ಥವಾಯಿತು. ಏಕೆಂದರೆ ನಮ್ಮದು ಭದ್ರಾ ನಾಲೆಯ ನೀರಿನ ಊರು. ಭತ್ತದ ನಾಟಿ ನೋಡಿಯೇ ಬೆಳೆದವರು ನಾವು. ಒಂದು ಮೂಲೆಯಲ್ಲಿ ಸಸಿಮಡಿ, ಉಳಿದದ್ದೆಲ್ಲ ಗದ್ದೆ. ಮಡಿಯಿಂದ ಪೈರು ಕಿತ್ತು ಗದ್ದೆಯಲ್ಲಿ ನೆಡುವುದು. ಕೂದಲಿನ ಕಸಿ ಎಂದರೆ ಇಷ್ಟೇ. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಭಾಗ ಸಸಿಮಡಿ. ಹಣೆ, ನೆತ್ತಿ ಗದ್ದೆ.

ಹಿಂದಿನ ಕೂದಲೇ ಏಕೆ? ಗಂಡಸರ ಬೊಕ್ಕತಲೆಗೆ ಕಾರಣ ಗಂಡುತನದ ಹಾರ್ಮೋನು. ಎಳವೆಯಲ್ಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ ಎಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದರು. ಟೆಸ್ಟೋಸ್ಟಿರೋನ್‌ನಿಂದ ದೇಹದಲ್ಲಿ ತಯಾರಾಗುವ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು, ವಂಶದಲ್ಲಿ ಆ ಗುಣವಿದ್ದವರ ನೆತ್ತಿಯ ಕೂದಲಿನ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಹಿಂಭಾಗದ ಬುಡಗಳು ಮಾತ್ರ ಅದಕ್ಕೆ ಹೆಚ್ಚು ಜಗ್ಗುವುದಿಲ್ಲ. ಅವುಗಳನ್ನು ಕಿತ್ತು ನೆತ್ತಿಯಲ್ಲಿ ನೆಟ್ಟರೂ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತವೆ. ನ್ಯೂಯಾರ್ಕಿನ ನಾರ್ಮನ್ ಆರೆಂಟ್ರಿಕ್ ಎಂಬ ವೈದ್ಯರು ಬೊಕ್ಕತಲೆಗೆ ಮೊದಲ ಕಸಿ ಮಾಡಿದ್ದು 1952ರಲ್ಲಿ. 1959ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಮೊದಲು 1939ರಲ್ಲಿ ಜಪಾನಿನ ಶೋಜಿ ಒಕುಡಾ ಕೂದಲು ಕಳೆದುಕೊಂಡ ರೋಗಿಗಳಿಗೆ ಹೀಗೆ ಕಸಿ ಮಾಡಿ ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಅದು ಹೊರಜಗತ್ತಿಗೆ ತಲುಪಲಿಲ್ಲ. ಊರು ಬಿಟ್ಟು ದುಬೈ ಸೇರಿದರೂ ಮಾತಿನ ಧಾಟಿ ಬಿಡದ ನಮ್ಮ ಭಾವನವರ ಹಾಗೆ ಈ ಕೂದಲು ಎಂದು ನಾನೆಂದೆ. ಡಾಕ್ಟರು ನಕ್ಕರು.

ಆರಂಭದ ಆ ಕಸಿಗಳಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆಗಳನ್ನೇ ಕೊರೆದು ನೆಡುತ್ತಿದ್ದರು. ಒಂದೊಂದರಲ್ಲಿ ಹತ್ತಾರು ಕೂದಲು. ಪರಿಣಾಮವಾಗಿ ತಲೆ ಪ್ಲಾಸ್ಟಿಕ್ ಗೊಂಬೆಯ ತಲೆಯಂತೆ ಗುಚ್ಛ ಗುಚ್ಛವಾಗಿ ಕಾಣುತ್ತಿತ್ತು. ಕೂದಲು ಒಂಟಿಯಾಗಿ ಬೆಳೆಯದೆ, ಒಂದರಿಂದ ನಾಲ್ಕರವರೆಗಿನ ಪುಟ್ಟ ಗುಂಪುಗಳಲ್ಲಿ ಬೆಳೆಯುತ್ತದೆ ಎಂಬುದನ್ನು 1984ರಲ್ಲಿ ಹೆಡಿಂಗ್ಟನ್ ಎಂಬವರು ವಿವರಿಸಿದರು. ಆ ಸಹಜ ಗುಂಪನ್ನೇ ಒಂದು ಗ್ರಾಫ್ಟ್ ಎಂದು ಹಿಡಿದು ನೆಡುವುದು ತೊಂಬತ್ತರ ದಶಕದಲ್ಲಿ ರೂಢಿಗೆ ಬಂತು. ಇಂದಿನ ಎರಡು ಮುಖ್ಯ ವಿಧಾನಗಳಲ್ಲೂ ನೆಡುವುದು ಇದನ್ನೇ. ವ್ಯತ್ಯಾಸ ಇರುವುದು ಮಡಿಯಿಂದ ಕೀಳುವುದರಲ್ಲಿ.

ಎಫ್‌ಯುಟಿ ಎಂಬುದರಲ್ಲಿ ತಲೆಯ ಹಿಂದಿನಿಂದ ಸುಮಾರು ಒಂದು ಸೆಂಟಿಮೀಟರ್ ಅಗಲದ ಉದ್ದನೆಯ ಚರ್ಮದ ಪಟ್ಟಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಮಡಿಯ ಒಂದು ಸಾಲನ್ನು ಮಣ್ಣಿನ ಹೆಂಟೆ ಸಮೇತ ಎತ್ತಿದಂತೆ. ಗಾಯಕ್ಕೆ ಹೊಲಿಗೆ ಹಾಕುತ್ತಾರೆ; ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಗ್ರಾಫ್ಟ್ ಬಿಡಿಸುತ್ತಾರೆ. ಕಣ್ಣೆದುರೇ ಬಿಡಿಸುವುದರಿಂದ ಬೇರು ತುಂಡಾಗುವುದು ಕಡಿಮೆ. ಒಂದೇ ಸಲಕ್ಕೆ ಹೆಚ್ಚು ಗ್ರಾಫ್ಟ್ ಸಿಗುತ್ತದೆ, ಪೂರ್ತಿ ತಲೆ ಬೋಳಿಸಬೇಕಿಲ್ಲ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಹೊಲಿಗೆ ಬಿಚ್ಚಲು ಹತ್ತು ಹದಿನಾಲ್ಕು ದಿನ ಬೇಕು, ಕೆಲ ದಿನ ಹಿಂದಲೆ ಬಿಗಿದಂತಿರುತ್ತದೆ. ಕಿವಿಯಿಂದ ಕಿವಿಗೆ ಒಂದು ಗೆರೆಯ ಕಲೆ ಜೀವನಪೂರ್ತಿ ಉಳಿಯುತ್ತದೆ. ಕೂದಲು ಬೆಳೆಸಿದರೆ ಅದು ಮುಚ್ಚಿಹೋಗುತ್ತದೆ. ತೀರಾ ಗಿಡ್ಡ ಮಾಡಿಸಿದರೆ ಕಾಣುತ್ತದೆ.

ಎಫ್‌ಯುಇ ವಿಧಾನವನ್ನು ಅಮೆರಿಕದ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಇಲ್ಲಿ ಪಟ್ಟಿ ಕತ್ತರಿಸುವುದಿಲ್ಲ. ಒಂದು ಮಿಲಿಮೀಟರಿಗಿಂತ ಸಣ್ಣ ಬಾಯಿಯ ಕೊಳವೆಯಂಥ ಪಂಚ್‌ನಿಂದ ಒಂದೊಂದೇ ಗ್ರಾಫ್ಟನ್ನು ಸುತ್ತ ಕೊರೆದು ಎತ್ತುತ್ತಾರೆ. ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಪೈರು ಕೀಳುವ ಹಾಗೆ. ಹೊಲಿಗೆಯಿಲ್ಲ, ಗಾಯ ಬೇಗ ಮಾಯುತ್ತದೆ, ಗೆರೆಯ ಕಲೆ ಇಲ್ಲ. ಕಲೆಯೇ ಇಲ್ಲವೆನ್ನುವುದು ಮಾತ್ರ ಸುಳ್ಳು. ಸಾವಿರಾರು ಬಿಳಿ ಚುಕ್ಕೆಗಳು ಉಳಿಯುತ್ತವೆ. ಹಿಂದಲೆ ಬೋಳಿಸಬೇಕು, ಹೊತ್ತು ಹೆಚ್ಚು ಬೇಕು. ಚರ್ಮದ ಒಳಗಿನ ಬೇರು ಯಾವ ಓರೆಯಲ್ಲಿದೆ ಎಂದು ಕಾಣದೆ ಕೊರೆಯುವುದರಿಂದ ಕೈ ಪಳಗಿರದಿದ್ದರೆ ಬೇರು ತುಂಡಾಗುತ್ತದೆ. ಆಸೆಬಿದ್ದು ಮಿತಿಮೀರಿ ಕಿತ್ತರೆ ಹಿಂದಲೆ ಹುಳು ತಿಂದ ಕಂಬಳಿಯಂತಾಗುತ್ತದೆ.

‘ಡಿಎಚ್‌ಐ’ ಎಂದು ಜಾಹೀರಾತಿನಲ್ಲಿ ಬರುವುದು ಬಹುತೇಕ ಇದರದೇ ಇನ್ನೊಂದು ರೂಪ. ಕೀಳುವುದು ಅದೇ ರೀತಿ. ನೆಡುವುದು ಮಾತ್ರ ಕೊರಿಯಾದಲ್ಲಿ ರೂಪುಗೊಂಡ ಚೋಯ್ ಪೆನ್ ಎಂಬ ಸೂಜಿಯಂಥ ಸಾಧನದಿಂದ.

“ಹಾಗಾದರೆ ಯಾವುದು ಒಳ್ಳೆಯದು?” ಎಂದು ಹುಡುಗ ಕೇಳಿದ. ಡಾಕ್ಟರ ಉತ್ತರ ನನಗೆ ಇಂದಿಗೂ ನೆನಪಿದೆ: “ಎರಡರಲ್ಲಿ ಯಾವುದೂ ಹೊಸ ಕೂದಲು ಹುಟ್ಟಿಸುವುದಿಲ್ಲ. ಹಿಂದೆ ಇರುವುದನ್ನು ಮುಂದಕ್ಕೆ ತರುತ್ತದೆ ಅಷ್ಟೇ.” ಸಾಮಾನ್ಯವಾಗಿ ಒಬ್ಬನ ಹಿಂದಲೆಯಿಂದ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಆರು ಸಾವಿರ ಗ್ರಾಫ್ಟಿನ ಆಸುಪಾಸು. ನನ್ನಂಥ ತಲೆಯನ್ನು ಮುಚ್ಚಲು ಅಷ್ಟೂ ಸಾಲದು. ಇಪ್ಪತ್ತೈದರಲ್ಲೇ ಮೂರೂವರೆ ಸಾವಿರವನ್ನು ಹಣೆಗೆ ಸುರಿದರೆ, ಮೂವತ್ತೈದರಲ್ಲಿ ಅದರ ಹಿಂದಿನ ಸ್ವಂತ ಕೂದಲು ಉದುರಿ, ಮುಂದೆ ಒಂದು ಸಾಲು ಬೇಲಿ, ಹಿಂದೆ ಬಯಲು! ಗದ್ದೆಯ ಸಸಿಮಡಿಗಾದರೆ ಮರುವರ್ಷ ಮತ್ತೆ ಭತ್ತ ಚೆಲ್ಲಬಹುದು. ತಲೆಯ ಸಸಿಮಡಿಗೆ ಚೆಲ್ಲಲು ಬೀಜವೇ ಇಲ್ಲ.

ಇನ್ನು ಶವ್ವಾಲಿನ ಮಾತು. ನೆಟ್ಟ ಕೂದಲು ಎರಡರಿಂದ ಎಂಟು ವಾರಗಳಲ್ಲಿ ಬಹುಪಾಲು ಉದುರುತ್ತದೆ. ಬುಡ ಒಳಗೆ ಬದುಕಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ, ಪೂರ್ತಿ ಫಲ ಕಾಣಲು ಒಂದು ವರ್ಷ. ಕೆಲವೊಮ್ಮೆ ಸುತ್ತಲಿನ ಹಳೆಯ ಕೂದಲೂ ತಾತ್ಕಾಲಿಕವಾಗಿ ಉದುರುವುದುಂಟು. ಅಂದರೆ ಬಳೆ ಅಡವಿಟ್ಟು ಮಾಡಿಸಿದರೂ ನಿಕಾಹದ ದಿನ ಮದುಮಗನ ತಲೆಯಲ್ಲಿ ಮೊದಲಿಗಿಂತ ಹೆಚ್ಚೇನೂ ಇರುತ್ತಿರಲಿಲ್ಲ. ಗಾಜಿನ ಬಾಗಿಲಿನವರು ಈ ಮಾತನ್ನೇ ಎತ್ತಿರಲಿಲ್ಲ.

ನಮ್ಮ ಓದುಗರಲ್ಲಿ ಕೆಲವರಿಗೆ ಇನ್ನೊಂದು ಪ್ರಶ್ನೆ ಏಳಬಹುದು. ಆಪಾಳಿಗೂ ಅದು ಎದ್ದಿತ್ತು: ಇದು ಜಾಯಿಜ್ ಹೌದೇ? ಕೂದಲಿಗೆ ಬೇರೆಯವರ ಕೂದಲು ಸೇರಿಸಿಕೊಳ್ಳುವುದನ್ನು ಹದೀಸ್ ನಿಷೇಧಿಸಿದೆ. ಆದರೆ ಇಲ್ಲಿ ತನ್ನದೇ ಕೂದಲು ತನ್ನದೇ ತಲೆಯಲ್ಲಿ ಬೇರೂರಿ ಬೆಳೆಯುತ್ತದೆ. 2007ರಲ್ಲಿ ಮಲೇಶ್ಯದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಉದುರಿದ ಕೂದಲಿಗೆ ಕಸಿ ಮಾಡಿಸಿಕೊಳ್ಳುವುದನ್ನು, ವಿಶೇಷವಾಗಿ ಹೆಂಗಸರ ವಿಷಯದಲ್ಲಿ, ಅನುಮತಿಸಿದೆ. ‘ವಿಶೇಷವಾಗಿ ಹೆಂಗಸರ’ ಎಂಬ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ದುಪಟ್ಟಾದ ಕೆಳಗೆ ಕೂದಲು ತೆಳುವಾಗುವ ಎಷ್ಟೋ ಹೆಂಗಸರ ಸಂಕಟ ನಮ್ಮ ಮನೆಗಳಲ್ಲಿ ಮಾತಿಗೇ ಬರುವುದಿಲ್ಲ. ಅವರಲ್ಲಿ ಅನೇಕರಿಗೆ ಹಿಂದಲೆಯೂ ಸೇರಿ ಎಲ್ಲ ಕಡೆ ಕೂದಲು ತೆಳುವಾಗುವುದರಿಂದ ಕಸಿ ಹೊಂದುವುದೂ ಇಲ್ಲ. ಮೊದಲು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಲೇಸು.

ಈ ಎಲ್ಲಕ್ಕಿಂತ ದೊಡ್ಡದು ಜೀವದ ಮಾತು. ಕಸಿ ಮಾಡುವುದು ಸ್ಥಳೀಯ ಅರಿವಳಿಕೆಯಲ್ಲಿ. ಅದರ ಪ್ರಮಾಣ ಮೀರಿದರೆ, ಸೋಂಕು ತಗುಲಿದರೆ, ‘ಕೂದಲಿನ ಕೆಲಸ’ ಎನ್ನುವುದು ಕ್ಷೌರದಂಗಡಿಯ ಕೆಲಸವಾಗಿ ಉಳಿಯುವುದಿಲ್ಲ. 2016ರಲ್ಲಿ ಚೆನ್ನೈಯಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. 2019ರಲ್ಲಿ ಮುಂಬೈಯಲ್ಲಿ ಒಬ್ಬ ಉದ್ಯಮಿ. 2025ರಲ್ಲಿ ಕಾನ್ಪುರದಿಂದಲೂ ಅಂಥದೇ ಸಾವಿನ ಸುದ್ದಿ ಬಂತು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಇದಕ್ಕೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿ ಬಂತೆಂದರೆ ಪರಿಸ್ಥಿತಿ ಊಹಿಸಬಹುದು. ಹಾಗಾಗಿ ಪಟ್ಟಿಯೋ ಪಂಚೋ ಎಂದು ಕೇಳುವ ಮೊದಲು ಕೇಳಬೇಕಾದ್ದು ಬೇರೆ. ಕೊರೆಯುವ ಕೈ ಯಾರದು? ವೈದ್ಯರು ಕೊನೆಯವರೆಗೂ ಕೋಣೆಯಲ್ಲಿರುತ್ತಾರೆಯೇ? ತುರ್ತು ಬಂದರೆ ಏನು ವ್ಯವಸ್ಥೆ ಇದೆ? ಎಷ್ಟು ತೆಗೆಯುತ್ತಾರೆ, ಮುಂದಕ್ಕೆಂದು ಎಷ್ಟು ಉಳಿಸುತ್ತಾರೆ? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಕಡೆ ಕಾಫಿ ಕುಡಿದು ಎದ್ದುಬರುವುದು ಒಳ್ಳೆಯದು.

ಡಾಕ್ಟರು ಹುಡುಗನಿಗೆ ಉದುರುವಿಕೆ ತಡೆಯುವ ಔಷಧಿ ಬರೆದುಕೊಟ್ಟರು. ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್. ನುಂಗುವ ಮಾತ್ರೆಯಿಂದ ಕೆಲವರಿಗೆ ಲೈಂಗಿಕ ತೊಂದರೆಯಾಗುವುದುಂಟೆಂದು ಮೊದಲೇ ತಿಳಿಸಿ, ಹಾಗಾದರೆ ಕೂಡಲೇ ಬರಬೇಕೆಂದರು. “ಮೂರು ವರ್ಷ ನೋಡೋಣ. ಉದುರುವುದು ನಿಂತರೆ ಎಷ್ಟು ಗದ್ದೆ, ಎಷ್ಟು ಪೈರು ಎಂದು ಆಗ ಲೆಕ್ಕ ಹಾಕೋಣ” ಎಂದರು. ನನ್ನ ನಾಟಿಯ ಹೋಲಿಕೆಯನ್ನು ಅವರೂ ಹಿಡಿದುಕೊಂಡಿದ್ದರು.

ಬಸ್ಸಿನಲ್ಲಿ ಹುಡುಗ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ತುಮಕೂರು ದಾಟಿದ ಮೇಲೆ, “ಮಾಮೂ, ಮೂವತ್ತರಲ್ಲಿ ಬೇಕೆನಿಸಿದರೆ ನಾನೇ ದುಡಿದು ಮಾಡಿಸಿಕೊಳ್ಳುತ್ತೇನೆ. ಅಮ್ಮಿಯ ಬಳೆ ಅಮ್ಮಿಯ ಕೈಯಲ್ಲೇ ಇರಲಿ” ಎಂದ. ಆಪಾ ಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ಬಳೆ ಮುಟ್ಟಿ ನೋಡಿಕೊಂಡು ಸುಮ್ಮನಾದಳು. ಕಸಿ ತಪ್ಪು ಎಂದು ನಾನು ಹೇಳುತ್ತಿಲ್ಲ. ನಲವತ್ತರ ಹೊತ್ತಿಗೆ ಉದುರುವುದು ನಿಂತು, ಹಿಂದಲೆ ದಟ್ಟವಾಗಿದ್ದು, ಒಳ್ಳೆಯ ಕೈಯಲ್ಲಿ ಮಾಡಿಸಿಕೊಂಡು ಸಂತೋಷವಾಗಿರುವ ಗೆಳೆಯರು ನನಗಿದ್ದಾರೆ. ಅವರಲ್ಲಿ ಒಬ್ಬನದು ಪಟ್ಟಿ, ಒಬ್ಬನದು ಪಂಚ್. ಹೊರಗಿನಿಂದ ನೋಡಿ ಯಾವುದು ಯಾವುದೆಂದು ನಾನು ಹೇಳಲಾರೆ.

ಹುಡುಗ ಈಗ ಟೋಪಿ ಇಲ್ಲದ ಫೋಟೋವನ್ನೇ ಮೊದಲು ಕಳಿಸುತ್ತಾನೆ. ಒಂದು ಮನೆಯವರು ಉತ್ತರಿಸಲಿಲ್ಲ. ಇನ್ನೊಂದು ಮನೆಯ ಹುಡುಗಿ ತನ್ನ ಅಬ್ಬಾನ ಮೂಲಕ ಕೇಳಿಸಿದ್ದು ಒಂದೇ ಪ್ರಶ್ನೆ: “ಮದುವೆಯಾದ ಮೇಲೆ ಬಿ.ಎಡ್. ಮುಗಿಸಲು ಬಿಡುತ್ತಾರೆಯೇ?” ಆಪಾ ನನಗೆ ಫೋನ್ ಮಾಡಿ ಏನು ಹೇಳಲಿ ಎಂದಳು. ಉತ್ತರ ಕೊಡಬೇಕಾದವನು ನಿನ್ನ ಪಕ್ಕದಲ್ಲೇ ಇದ್ದಾನಲ್ಲ, ಅವನನ್ನೇ ಕೇಳು ಎಂದೆ.